ಗಿನಿಪಿಗ್ ಊಟ ಬಿಟ್ಟರೆ ಮೊದಲ ದಿನ ಏನು ಮಾಡಬೇಕು

ಗಿನಿಪಿಗ್ ಬೆಳಿಗ್ಗೆ ಸೊಪ್ಪು ಮುಟ್ಟಲಿಲ್ಲ ಅಂದರೆ, ಸಂಜೆ ತಿನ್ನಬಹುದು ಬಿಡು ಅಂತ ಸುಮ್ನೆ ಕೂರಬೇಡಿ. ನಾಯಿ ಒಂದು ಹೊತ್ತು ಉಪವಾಸ ಇದ್ದರೆ ನಡೆಯುತ್ತದೆ. ಗಿನಿಪಿಗ್‌ಗೆ ನಡೆಯುವುದಿಲ್ಲ. ಅದರ ಕರುಳು ಹಗಲೂ ರಾತ್ರಿ ಕೆಲಸ ಮಾಡುತ್ತಲೇ ಇರಬೇಕು. ಹುಲ್ಲು ಒಳಗೆ ಹೋಗುವುದು ನಿಂತರೆ ಕರುಳು ನಿಧಾನವಾಗುತ್ತದೆ. ಗ್ಯಾಸ್ ತುಂಬುತ್ತದೆ, ನೋವು ಶುರುವಾಗುತ್ತದೆ. ನೋವಿಗೆ ಮತ್ತೆ ತಿನ್ನುವುದಿಲ್ಲ. ಹನ್ನೆರಡು ಗಂಟೆ ಏನೂ ತಿಂದಿಲ್ಲ ಅಂದರೆ ಅದು ತುರ್ತು ಪರಿಸ್ಥಿತಿ. ಒಂದು ದಿನ ದಾಟಿದರೆ ಲಿವರಿಗೂ ಪೆಟ್ಟು ಬೀಳಲು ಶುರುವಾಗುತ್ತದೆ. ಆಮೇಲೆ ಎಷ್ಟು ಒಳ್ಳೆಯ ಡಾಕ್ಟರು ಸಿಕ್ಕರೂ ಕಷ್ಟ.

ನಾನು ಪಶುವೈದ್ಯೆ ಅಲ್ಲ. ಶಿರಸಿಯಲ್ಲಿ ಮೆಡಿಕಲ್ ಅಂಗಡಿ ನಡೆಸುವವಳು. ಮನೆಯಲ್ಲಿ ಮಗಳು ಸಾಕಿದ ಎರಡು ಗಿನಿಪಿಗ್ ಇವೆ, ಬೆಲ್ಲ ಮತ್ತು ಚಿಕ್ಕಿ. ಅದು ಗೊತ್ತಿರುವವರೆಲ್ಲ ಔಷಧಿ ಕೇಳಿಕೊಂಡು ನೇರ ನನ್ನ ಕೌಂಟರಿಗೇ ಬರುತ್ತಾರೆ. ಬಂದವರಿಗೆ ನಾನು ಔಷಧಿ ಕೊಡುವುದಕ್ಕಿಂತ ಕೊಡದೆ ಕಳಿಸುವುದೇ ಜಾಸ್ತಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಮ್ಮ ಕಡೆ ಪಶು ಆಸ್ಪತ್ರೆಗಳಿವೆ, ಡಾಕ್ಟರುಗಳೂ ಕಷ್ಟಪಟ್ಟು ಕೆಲಸ ಮಾಡುತ್ತಾರೆ. ಆದರೆ ಅವರ ದಿನವೆಲ್ಲ ಹಸು, ಎಮ್ಮೆ, ನಾಯಿಯಲ್ಲೇ ಕಳೆಯುತ್ತದೆ. ಗಿನಿಪಿಗ್ ಅವರ ಮೇಜಿಗೆ ಬರುವುದು ಅಪರೂಪ. ಹಾಗಾಗಿ ಅರ್ಧ ಕೆಲಸ ಸಾಕಿದವರದ್ದೇ. ಡಾಕ್ಟರ ಹತ್ತಿರ ಹೋಗುವವರೆಗೆ ಹೊಟ್ಟೆ ನಿಲ್ಲದಂತೆ ನೋಡಿಕೊಳ್ಳಬೇಕು, ತಪ್ಪು ಔಷಧಿ ಬಾಯಿಗೆ ಹೋಗದಂತೆ ತಡೆಯಬೇಕು, ಸರಿಯಾದ ಮಾಹಿತಿ ಹಿಡಿದುಕೊಂಡು ಹೋಗಬೇಕು.

ಮೊದಲ ಅರ್ಧ ಗಂಟೆ

ಗಿನಿಪಿಗ್ ಕಾಯಿಲೆಯನ್ನು ಬಚ್ಚಿಡುವ ಪ್ರಾಣಿ. ಕಾಡಿನಲ್ಲಿ ಬೇರೆಯವರ ಬಾಯಿಗೆ ಬೀಳುವ ಜಾತಿ ಅಲ್ವಾ, ಸುಸ್ತಾಗಿದ್ದೇನೆ ಅಂತ ತೋರಿಸಿಕೊಂಡರೆ ಅದಕ್ಕೆ ಉಳಿಗಾಲವಿಲ್ಲ. ಆದ್ದರಿಂದ ನಿಮಗೆ ಹಠಾತ್ತನೆ ಬಂತು ಅನಿಸುವ ಕಾಯಿಲೆ ಎಷ್ಟೋ ಸಲ ವಾರದಿಂದ ಒಳಗೇ ಇರುತ್ತದೆ. ಮೂಲೆಯಲ್ಲಿ ಮೈ ಉಬ್ಬಿಸಿಕೊಂಡು ಕೂರುವುದು, ಫ್ರಿಡ್ಜ್ ಬಾಗಿಲು ತೆಗೆದರೂ ಕೂಗದಿರುವುದು, ಕಣ್ಣು ಅರ್ಧ ಮುಚ್ಚಿರುವುದು, ಕೂದಲು ಒರಟಾಗಿ ನಿಂತಿರುವುದು: ಇವು ಸಾಕು.

ಮೊದಲು ತೂಕ ನೋಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಒಂದು ಬುಟ್ಟಿ ಇಟ್ಟು ಸೊನ್ನೆ ಮಾಡಿಕೊಂಡು ಪ್ರಾಣಿಯನ್ನು ಕೂರಿಸಿ. ದೊಡ್ಡ ಗಿನಿಪಿಗ್ ಸುಮಾರು 700ರಿಂದ 1200 ಗ್ರಾಂ ಇರುತ್ತದೆ. ಮೊದಲಿನ ತೂಕಕ್ಕಿಂತ ನೂರಕ್ಕೆ ಹತ್ತರಷ್ಟು ಇಳಿದಿದ್ದರೆ ಯೋಚನೆ ಮಾಡುವ ಮಾತೇ ಇಲ್ಲ, ಡಾಕ್ಟರ ಹತ್ತಿರ ಹೊರಡಿ. ಮೊದಲಿನ ತೂಕವೇ ಗೊತ್ತಿಲ್ಲ ಅನ್ನುವವರೇ ಜಾಸ್ತಿ. ಪ್ರತಿ ಭಾನುವಾರ ತೂಕ ಬರೆದಿಡುವ ಅಭ್ಯಾಸ ಇದಕ್ಕೇ ಬೇಕು. ನಮ್ಮನೆಯಲ್ಲಿ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬೆಲ್ಲ, ಚಿಕ್ಕಿ ಇಬ್ಬರ ತೂಕವೂ ಇರುತ್ತದೆ.

ಆಮೇಲೆ ಹಿಕ್ಕೆ ನೋಡಿ. ಚೆನ್ನಾಗಿರುವ ಪ್ರಾಣಿಯ ಹಿಕ್ಕೆ ಒಂದೇ ಅಳತೆಯ, ಉದ್ದುರುಟಾದ, ಕಪ್ಪು-ಕಂದು ಕಾಳು. ಸಣ್ಣದಾಗಿದೆಯಾ, ಒಣಗಿದೆಯಾ, ತುದಿ ಚೂಪಾಗಿದೆಯಾ, ಮೆತ್ತಗಿದೆಯಾ, ಇಲ್ಲವೇ ಇಲ್ಲವಾ? ಜೋಡಿ ಇದ್ದರೆ ಯಾರದ್ದು ಯಾವುದು ಅಂತ ತಿಳಿಯುವುದಿಲ್ಲ. ನಡುವೆ ಜಾಲರಿ ಇಟ್ಟು ಬೇರೆ ಮಾಡಿ. ಪೂರ್ತಿ ಬೇರೆ ಕೋಣೆಗೆ ಒಯ್ಯಬೇಡಿ. ಜೊತೆಗಾರ ಕಣ್ಣಿಗೆ ಬೀಳದಿದ್ದರೆ ಅದೇ ಇನ್ನೊಂದು ಗಾಬರಿ.

ಈಗ ಹೊಟ್ಟೆ. ಎರಡೂ ಕೈಯಲ್ಲಿ ಮೆಲ್ಲಗೆ ಹಿಡಿದು ಪಕ್ಕದಿಂದ ಮುಟ್ಟಿ. ಮೆತ್ತಗಿದ್ದರೆ ಸರಿ. ಗಟ್ಟಿಯಾಗಿ ಉಬ್ಬಿ, ಬೆರಳಲ್ಲಿ ತಟ್ಟಿದರೆ ತಮಟೆ ಹಾಗೆ ಸದ್ದು ಬಂದರೆ ಗ್ಯಾಸ್ ಕಟ್ಟಿದೆ ಅಂತ ಅರ್ಥ. ಈ ಒಂದು ಸ್ಥಿತಿಯಲ್ಲಿ ಬಾಯಿಗೆ ಏನನ್ನೂ ಒತ್ತಾಯದಿಂದ ಹಾಕಬಾರದು. ಗಿನಿಪಿಗ್‌ಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಹಿಂದೆ ಬರುವ ದಾರಿ ಇಲ್ಲ. ಕೆಳಗೆ ಹೇಳುವ ಸಿರಿಂಜ್ ಊಟ ಇದಕ್ಕಲ್ಲ. ನೇರ ಡಾಕ್ಟರು.

ಬಾಯಿ ತೆರೆದು ಉಸಿರಾಡುತ್ತಿದ್ದರೆ, ಉಸಿರಾಡುವಾಗ ಸದ್ದು ಬರುತ್ತಿದ್ದರೆ, ಮೂಗಿನಲ್ಲಿ ಸಿಂಬಳ, ಕಣ್ಣಲ್ಲಿ ಪಿಸುರು ಇದ್ದರೆ ಅದು ಎದೆಯ ಸೋಂಕು ಇರಬಹುದು. ಬೋರ್ಡೆಟೆಲ್ಲಾ ಅನ್ನುವ ಬ್ಯಾಕ್ಟೀರಿಯಾ ನಾಯಿ, ಮೊಲಗಳಲ್ಲಿ ಏನೂ ತೋರಿಸದೆ ಇದ್ದು ಗಿನಿಪಿಗ್‌ಗೆ ನ್ಯುಮೋನಿಯಾ ತರಬಲ್ಲದು. ಮೊಲದ ಜೊತೆ ಒಂದೇ ಗೂಡಿನಲ್ಲಿ ಸಾಕಬೇಡಿ ಅನ್ನುವುದಕ್ಕೆ ಅದೂ ಒಂದು ಕಾರಣ. ಮೂತ್ರ ಮಾಡುವಾಗ ಕಿರುಚಿದರೆ, ಮೂತ್ರದಲ್ಲಿ ರಕ್ತ ಕಂಡರೆ ಕಲ್ಲು ಇರಬಹುದು. ಬೀಟ್‌ರೂಟ್ ತಿಂದಿದ್ದರೂ ಮೂತ್ರ ಕೆಂಪಾಗುತ್ತದೆ, ಅದನ್ನು ನೆನಪಿಸಿಕೊಳ್ಳಿ. ಬಾಯಿಯ ಕೆಳಗೆ ಗಲ್ಲ ಒದ್ದೆ ಇದ್ದು, ಊಟದ ಹತ್ತಿರ ಬಂದು ಮೂಸಿ ಹಿಂದೆ ಹೋದರೆ ಹಲ್ಲು ನೋಡಬೇಕು. ಇದರ ಇಪ್ಪತ್ತು ಹಲ್ಲೂ ಜೀವ ಇರುವವರೆಗೆ ಬೆಳೆಯುತ್ತಲೇ ಇರುತ್ತವೆ. ಹಿಂದಿನ ಹಲ್ಲು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಡಾಕ್ಟರೇ ನೋಡಬೇಕು.

ಕಿವಿ ತಣ್ಣಗಿದ್ದು ಪ್ರಾಣಿ ಮಂಕಾಗಿದ್ದರೆ ಮೊದಲು ಬಿಸಿ ಕೊಡಿ. ಬಾಟಲಿಗೆ ಬೆಚ್ಚಗಿನ ನೀರು ತುಂಬಿ ಟವೆಲ್ ಸುತ್ತಿ ಪಕ್ಕದಲ್ಲಿಡಿ. ಬೇಡವೆನಿಸಿದರೆ ಅದು ದೂರ ಸರಿಯುವಷ್ಟು ಜಾಗ ಇರಲಿ. ಮೈ ತಣ್ಣಗಿರುವಾಗ ಊಟ ತುರುಕಿದರೆ ಕರುಳಿಗೆ ಅದನ್ನು ಮುಂದೆ ತಳ್ಳುವ ಶಕ್ತಿ ಇರುವುದಿಲ್ಲ.

ಸಿರಿಂಜಿನಲ್ಲಿ ಊಟ

ಹೊಟ್ಟೆ ಮೆತ್ತಗಿದೆ, ಮೈ ಬೆಚ್ಚಗಿದೆ, ಆದರೆ ತಿನ್ನುತ್ತಿಲ್ಲ. ಡಾಕ್ಟರು ಸಿಗುವುದು ನಾಳೆ ಬೆಳಿಗ್ಗೆ. ಆಗ ರಾತ್ರಿಯಿಡೀ ನೀವೇ ತಿನ್ನಿಸಬೇಕು.

ಸೂಜಿ ಇಲ್ಲದ ಸಿರಿಂಜ್ ಬೇಕು. ಔಷಧಿಗೆ ಒಂದು ಎಂಎಲ್‌ನದ್ದು, ಊಟಕ್ಕೆ ಸ್ವಲ್ಪ ದೊಡ್ಡದು. ಯಾವ ಮೆಡಿಕಲ್ ಅಂಗಡಿಯಲ್ಲೂ ಸಿಗುತ್ತದೆ, ದುಬಾರಿಯಲ್ಲ. ಒಂದಲ್ಲ, ನಾಲ್ಕೈದು ತಂದಿಡಿ, ಒಳಗಿನ ರಬ್ಬರ್ ಬೇಗ ಬಿಗಿಯಾಗುತ್ತದೆ. ಕಾಯಿಲೆಯ ಪ್ರಾಣಿಗೆಂದೇ ಮಾಡಿದ ಹುಲ್ಲಿನ ಪುಡಿ ಸಿಗುತ್ತದೆ, ಆದರೆ ಆನ್‌ಲೈನ್‌ನಲ್ಲಿ ತರಿಸಿದರೆ ನಮ್ಮ ಊರಿಗೆ ಬರುವಷ್ಟರಲ್ಲಿ ದಿನಗಳು ಕಳೆದಿರುತ್ತವೆ. ಮೊದಲೇ ತಂದಿಡದಿದ್ದರೆ ಮನೆಯಲ್ಲಿರುವ ಗಿನಿಪಿಗ್ ಪೆಲೆಟ್ ಸಾಕು. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಕೈಯಲ್ಲಿ ಕಿವುಚಿ, ನುಣ್ಣಗೆ ಮಾಡಿ. ತೆಳ್ಳಗಿನ ಗಂಜಿಯ ಹದ ಬರಬೇಕು. ಅನ್ನದ ಗಂಜಿ, ಹಾಲು, ಬಿಸ್ಕತ್ತು, ಸೆರೆಲ್ಯಾಕ್ ಯಾವುದೂ ಬೇಡ. ಪಿಷ್ಟ ಜಾಸ್ತಿಯಾದರೆ ಗ್ಯಾಸ್ ಇನ್ನೂ ಏರುತ್ತದೆ. ಇದಕ್ಕೆ ಬೇಕಾದದ್ದು ನಾರು.

ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಕೂರಿಸಿಕೊಳ್ಳಿ. ನಾಲ್ಕು ಕಾಲೂ ಕೆಳಗಿರಬೇಕು. ಮಗುವಿಗೆ ಔಷಧಿ ಕುಡಿಸುವ ಹಾಗೆ ಅಂಗಾತ ಮಲಗಿಸಿದರೆ ಊಟ ಶ್ವಾಸಕೋಶಕ್ಕೆ ಹೋಗುತ್ತದೆ. ಮುಂದಿನ ಹಲ್ಲಿನ ಹಿಂದೆ ಖಾಲಿ ಜಾಗ ಇದೆ, ಅಲ್ಲಿಗೆ ಬಾಯಿಯ ಪಕ್ಕದಿಂದ ಸಿರಿಂಜ್ ತುದಿ ಹಾಕಿ. ಕಾಲು ಎಂಎಲ್‌ನಷ್ಟು ಒತ್ತಿ, ನಿಲ್ಲಿಸಿ. ಅಗಿಯಲಿ, ನುಂಗಲಿ. ಆಮೇಲೆ ಇನ್ನೊಂದಿಷ್ಟು. ಏನೂ ತಿನ್ನದ ಒಂದು ಕೆಜಿ ಪ್ರಾಣಿಗೆ ದಿನಕ್ಕೆ ಒಟ್ಟು 50ರಿಂದ 60 ಎಂಎಲ್ ಹೋಗಬೇಕು. ಐದಾರು ಸಲ ಹಂಚಿಕೊಂಡರೆ ಒಂದು ಸಲಕ್ಕೆ ಹತ್ತು ಎಂಎಲ್. ಮೊದಲ ಸಲ ಎರಡು-ಮೂರು ಎಂಎಲ್ ಹೋದರೂ ಸಂತೋಷಪಡಿ. ತಲೆ ಒದರುತ್ತದೆ, ನಿಮ್ಮ ನೈಟಿಯೆಲ್ಲ ಹಸಿರು ಆಗುತ್ತದೆ. ಹಾಗೆ ಜಗಳ ಮಾಡುವ ಪ್ರಾಣಿಗೆ ಶಕ್ತಿ ಇನ್ನೂ ಇದೆ. ಬಾಯಿಗೆ ಹಾಕಿದ್ದು ಹಾಗೇ ಜಾರಿ ಹೊರಬಂದರೆ, ನುಂಗದಿದ್ದರೆ ಕೂಡಲೇ ನಿಲ್ಲಿಸಿ.

ಪಕ್ಕದಲ್ಲಿ ತಾಜಾ ಗರಿಕೆ, ಕೊತ್ತಂಬರಿ ಸೊಪ್ಪು ಇಟ್ಟಿರಿ. ಎಷ್ಟೋ ಸಲ ಸಿರಿಂಜಿನ ಊಟ ನಾಲ್ಕು ಸಲ ಹೋದ ಮೇಲೆ ತಾನೇ ಒಂದು ಎಸಳು ಎಳೆಯುತ್ತದೆ.

ಇನ್ನು ವಿಟಮಿನ್ ಸಿ. ನಮ್ಮ ಹಾಗೇ ಗಿನಿಪಿಗ್‌ಗೂ ಅದನ್ನು ಮೈಯಲ್ಲಿ ತಯಾರಿಸಿಕೊಳ್ಳಲು ಬರುವುದಿಲ್ಲ. ಆರೋಗ್ಯವಾಗಿದ್ದಾಗ ಕೆಜಿ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ಕಾಯಿಲೆಯಲ್ಲಿ ಡಾಕ್ಟರು 50ರವರೆಗೂ ಹೇಳುತ್ತಾರೆ. ಕಡಿಮೆಯಾದರೆ ಕುಂಟುತ್ತದೆ, ಕೀಲು ಊದುತ್ತದೆ, ಮುಟ್ಟಿದರೆ ಕಿರುಚುತ್ತದೆ. ಬಿದ್ದು ಕಾಲು ಮುರಿಯಿತು ಅಂತ ಜನ ತಿಳಿಯುವುದೂ ಉಂಟು. ಚಿಕ್ಕ ಮಕ್ಕಳ ವಿಟಮಿನ್ ಸಿ ಡ್ರಾಪ್ಸ್ ತಂದು, ಒಂದು ಎಂಎಲ್‌ನಲ್ಲಿ ಎಷ್ಟು ಮಿಲಿಗ್ರಾಂ ಅಂತ ಲೇಬಲ್ ಓದಿ ಅಳೆದು ನೇರ ಬಾಯಿಗೆ ಹಾಕಿ. ಕುಡಿಯುವ ನೀರಿಗೆ ಬೆರೆಸಿದರೆ ಬೆಳಕಿಗೆ, ಗಾಳಿಗೆ ಬೇಗ ಹಾಳಾಗುತ್ತದೆ. ರುಚಿ ಬದಲಾಯಿತೆಂದು ಪ್ರಾಣಿ ನೀರನ್ನೇ ಬಿಟ್ಟರೆ ಅದು ಇನ್ನೊಂದು ಗೋಳು. ದಿನನಿತ್ಯಕ್ಕೆ ದೊಣ್ಣೆಮೆಣಸಿನ ಹೋಳು ಒಳ್ಳೆಯದು. ಪೇರಳೆಯಲ್ಲೂ ನೆಲ್ಲಿಕಾಯಲ್ಲೂ ವಿಟಮಿನ್ ಸಿ ಬೇಕಾದಷ್ಟಿದೆ. ಆದರೆ ಪೇರಳೆ ಸಿಹಿ, ನೆಲ್ಲಿ ಹುಳಿ, ಹಾಗಾಗಿ ಸಣ್ಣ ಚೂರು ಸಾಕು.

ನಾನು ಕೌಂಟರಿನಿಂದ ವಾಪಸ್ ಕಳಿಸುವ ಔಷಧಿಗಳು

ಪ್ರತಿ ಮನೆಯ ಫ್ರಿಡ್ಜಿನಲ್ಲೂ ಮಕ್ಕಳಿಗೆ ತಂದು ಉಳಿದ ಅಮಾಕ್ಸಿಸಿಲಿನ್ ಸಿರಪ್ ಇರುತ್ತದೆ. ಗಿನಿಪಿಗ್‌ಗೆ ಅದು ವಿಷ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಾಕ್ಸಾಸಿಲಿನ್, ಪೆನಿಸಿಲಿನ್ ಜಾತಿಯ ಯಾವುದೂ ಕೊಡಬಾರದು. ಎರಿಥ್ರೋಮೈಸಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್ ಕೂಡ ಬೇಡ. ಸೆಫಲೆಕ್ಸಿನ್, ಸೆಫಿಕ್ಸಿಮ್ ತರಹದವೂ ಬೇಡ. ಅವು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದುಹಾಕುತ್ತವೆ. ಖಾಲಿಯಾದ ಜಾಗದಲ್ಲಿ ಕ್ಲಾಸ್ಟ್ರೀಡಿಯಂ ಅನ್ನುವ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಭೇದಿಯಾಗಿ ಕೆಲವೇ ದಿನದಲ್ಲಿ ಪ್ರಾಣಿ ಹೋಗುತ್ತದೆ. ಗಾಯಕ್ಕೆ ಹಚ್ಚಿದ ಆಂಟಿಬಯಾಟಿಕ್ ಮುಲಾಮನ್ನು ನೆಕ್ಕಿದರೂ ಅಪಾಯ ಉಂಟು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಪೆನಿಸಿಲಿನ್ ದನಗಳಿಗೆ ಎಷ್ಟೋ ವರ್ಷದಿಂದ ಕೊಡುತ್ತಾ ಬಂದಿರುವ ಔಷಧಿ. ಕೈ ಅಭ್ಯಾಸದಿಂದ ಅದೇ ಸಿರಿಂಜಿಗೆ ಬರಬಹುದು. ಒಂದು ಚೀಟಿಯಲ್ಲಿ ಈ ಹೆಸರುಗಳನ್ನು ಬರೆದುಕೊಂಡು ಹೋಗಿ, ಸರ್, ಇದಕ್ಕೆ ಪೆನಿಸಿಲಿನ್ ಆಗುವುದಿಲ್ಲವಂತೆ, ಎನ್ರೋಫ್ಲಾಕ್ಸಾಸಿನ್ ಅಥವಾ ಟ್ರೈಮೆಥೋಪ್ರಿಮ್-ಸಲ್ಫಾ ನೋಡಬಹುದಾ ಅಂತ ಕೇಳಿ. ಇವೆರಡನ್ನು ಗಿನಿಪಿಗ್‌ಗೆ ಡಾಕ್ಟರುಗಳು ಬಳಸುತ್ತಾರೆ. ಕೇಳಿದರೆ ಬೇಜಾರು ಮಾಡಿಕೊಳ್ಳುವ ಡಾಕ್ಟರನ್ನು ನಾನಂತೂ ನೋಡಿಲ್ಲ, ಪುಸ್ತಕ ತೆಗೆದು ಡೋಸ್ ನೋಡಿದವರನ್ನು ನೋಡಿದ್ದೇನೆ. ನೋವಿಗೆ ಮೆಲಾಕ್ಸಿಕ್ಯಾಂ ಕೊಡುತ್ತಾರೆ. ಅದೂ ತೂಕದ ಲೆಕ್ಕದಲ್ಲಿ, ಹನಿ ಹನಿಯಾಗಿ. ನೀವೇ ಪ್ಯಾರಾಸಿಟಮಾಲ್ ಪುಡಿ ಮಾಡಿ ಹಾಕುವುದು ಬೇಡ.

ಇನ್ನೊಂದು, ಮಗುವಿನ ಹೊಟ್ಟೆನೋವಿನ ಡ್ರಾಪ್ಸ್. ಎಲ್ಲವೂ ಒಂದೇ ಅಲ್ಲ. ಕೆಲವದರಲ್ಲಿ ಗ್ಯಾಸಿಗೆ ಸಿಮೆಥಿಕೋನ್ ಇರುತ್ತದೆ. ಕೆಲವದರಲ್ಲಿ ಅದರ ಜೊತೆ ಡೈಸೈಕ್ಲೋಮಿನ್ ಇರುತ್ತದೆ. ಕರುಳಿನ ಸೆಳೆತ ತಗ್ಗಿಸಿ ನಿಧಾನ ಮಾಡುವುದೇ ಡೈಸೈಕ್ಲೋಮಿನ್ ಕೆಲಸ. ನಿಂತುಹೋಗುತ್ತಿರುವ ಕರುಳಿಗೆ ಅದನ್ನು ಕೊಟ್ಟರೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ಪೆಟ್ಟಿಗೆಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಓದಿ, ಡಾಕ್ಟರಿಗೆ ಫೋನ್ ಮಾಡಿ, ಆಮೇಲೆ ಕೊಡಿ.

ಬೆಲ್ಲ ಊಟ ಬಿಟ್ಟಾಗ ನಮ್ಮತ್ತೆ, "ಓಮದ ಕಷಾಯ ಒಂದ್ ಚಮಚೆ ಕುಡ್ಸಿ ನೋಡೆ" ಅಂದಿದ್ದರು. ನಮ್ಮನೆಯಲ್ಲಿ ಎಲ್ಲರ ಹೊಟ್ಟೆಗೂ ಅದೇ ಮದ್ದು. ನಾನು ಕುಡಿಸಲಿಲ್ಲ. ಅತ್ತೆಗೆ ಬೇಜಾರಾಗದ ಹಾಗೆ, ಸಿರಿಂಜ್ ಊಟ ಕೊಡುವಾಗ ಟವೆಲ್ ಹಿಡಿಯುವ ಕೆಲಸ ಅವರಿಗೇ ಕೊಟ್ಟೆ.

ನಮ್ಮ ಜಿಲ್ಲೆಯಲ್ಲೇ ಹುಟ್ಟುವ ಕಾರಣಗಳು

ಡಾಕ್ಟರು ಕೇಳುವ ಮೊದಲ ಪ್ರಶ್ನೆ, ಏನು ತಿಂದಿತ್ತು ಅಂತ. ಅದಕ್ಕೆ ಉತ್ತರ ನಮ್ಮ ತೋಟ-ಬೆಟ್ಟದಲ್ಲೇ ಇರುತ್ತದೆ.

ಮಳೆ ಶುರುವಾಗುತ್ತಿದ್ದಂತೆ ಅಡಿಕೆಗೆ ಕೊಳೆರೋಗ ಬರಬಾರದೆಂದು ಬೋರ್ಡೋ ಹೊಡೆಯುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ನಲವತ್ತು-ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಅಡಿಕೆ ಗೊನೆಗೆ ಹೊಡೆದದ್ದು ಕೆಳಗಿನ ಹುಲ್ಲಿನ ಮೇಲೂ ಸುರಿಯುತ್ತದೆ. ಮೈಲುತುತ್ತದಲ್ಲಿ ಇರುವುದು ತಾಮ್ರ. ಅಂಗೈ ಅಗಲದ ಪ್ರಾಣಿಯ ಹೊಟ್ಟೆಗೆ ಅದು ಹೋಗಬಾರದು. ಮಳೆಗಾಲದಲ್ಲಿ ತೋಟದ ಹುಲ್ಲು ನಮ್ಮನೆ ಗಿನಿಪಿಗ್‌ಗಳಿಗೆ ಪೂರ್ತಿ ಬಂದ್. ಕಳೆನಾಶಕ ಹೊಡೆದ ಗದ್ದೆಯ ಬದು, ರಸ್ತೆ ಬದಿಯ ಹುಲ್ಲು ಯಾವ ಕಾಲಕ್ಕೂ ಬೇಡ. ಅಂಗಳದ ಕುಂಡದಲ್ಲಿ ಬೆಳೆಸಿದ ಗರಿಕೆಯೇ ವಾಸಿ.

ಒಣಹುಲ್ಲಿಗೆ ನಮ್ಮ ಕಡೆ ಬೇಣದ ಕರಡ, ಅಂದರೆ ಹುಲ್ಲುಗಾವಲಿನ ಒಣಹುಲ್ಲು, ಸಿಗುತ್ತದೆ. ಭತ್ತದ ಹುಲ್ಲಿಗಿಂತ ಅದನ್ನೇ ಇಷ್ಟಪಟ್ಟು ತಿನ್ನುತ್ತವೆ. ಆದರೆ ಜೂನ್-ಜುಲೈನಲ್ಲಿ ಮೆತ್ತಿನ (ಮಹಡಿಯ) ಮೇಲೆ ಇಟ್ಟ ಕರಡಕ್ಕೂ ಬೂಷ್ಟು ಹಿಡಿಯುತ್ತದೆ. ಮೂಗಿಗೆ ಹಿಡಿದು ನೋಡಿ, ಮುಗ್ಗಲು ವಾಸನೆ ಬಂದರೆ ಎಸೆಯಿರಿ. ಬೆಲ್ಲನ ಹೊಟ್ಟೆ ಕೆಟ್ಟದ್ದು ಅಂಥ ಕರಡದಿಂದಲೇ ಅಂತ ನಮ್ಮ ಡಾಕ್ಟರ ಅಂದಾಜು. ಈಗ ಸಣ್ಣ ಸಣ್ಣ ಕಟ್ಟು ಮಾಡಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇವೆ. ಹಾಗೇ, ಬೇಸಿಗೆಯಲ್ಲಿ ಕಾಡಂಚಿನ ಹುಲ್ಲು ತರುವವರು ಉಣುಗಿನ ಬಗ್ಗೆ ಹುಷಾರಾಗಿರಿ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಬಗ್ಗೆ ಸಿದ್ದಾಪುರದ ಕಡೆಯವರಿಗೆ ನಾನು ಹೇಳಬೇಕಿಲ್ಲ. ಅದು ಗಿನಿಪಿಗ್ ಮಾತಲ್ಲ, ಹುಲ್ಲು ಹೊರುವವರ ಮಾತು.

ಕಾರವಾರ, ಅಂಕೋಲಾ, ಕುಮಟಾದವರಿಗೆ ಬೇರೆ ತೊಂದರೆ. ಸೆಕೆ. ಗಿನಿಪಿಗ್‌ಗೆ 18ರಿಂದ 24 ಡಿಗ್ರಿ ಹಿತ. 27-28 ದಾಟಿದರೆ, ಅದರಲ್ಲೂ ಕರಾವಳಿಯ ಬೆವರಿಳಿಯುವ ಗಾಳಿಯಲ್ಲಿ, ತಾಪ ಹೊಡೆಯುತ್ತದೆ. ಅದಕ್ಕೆ ನಮ್ಮ ಹಾಗೆ ಬೆವರಿ ತಂಪಾಗಲು ಬರುವುದಿಲ್ಲ. ಏಪ್ರಿಲ್-ಮೇ ಮಧ್ಯಾಹ್ನ ಜೊಲ್ಲು ಸುರಿಸುತ್ತಾ, ಜೋರಾಗಿ ಉಸಿರು ಬಿಡುತ್ತಾ ಚಪ್ಪಟೆಯಾಗಿ ಮಲಗಿದ್ದರೆ ಅದು ತಾಪವೇ. ನೆರಳಿಗೆ ತನ್ನಿ. ಕಿವಿ, ಪಾದಗಳನ್ನು ಸಾದಾ ನೀರಿನಲ್ಲಿ ಒದ್ದೆ ಮಾಡಿ, ಒದ್ದೆ ಬಟ್ಟೆಯ ಮೇಲೆ ಕೂರಿಸಿ, ಫ್ಯಾನ್ ದೂರದಲ್ಲಿಡಿ. ಐಸ್ ನೀರಿನಲ್ಲಿ ಮುಳುಗಿಸಬೇಡಿ, ಆ ಆಘಾತವೇ ಕೊಲ್ಲಬಹುದು. ಚೇತರಿಸಿಕೊಂಡಂತೆ ಕಂಡರೂ ಅದೇ ದಿನ ಡಾಕ್ಟರಿಗೆ ತೋರಿಸಿ. ಶೀಟಿನ ಮನೆಯಲ್ಲಿ, ಬಿಸಿಲು ಬೀಳುವ ಬಾಲ್ಕನಿಯಲ್ಲಿ ಗೂಡು ಇಡಲೇಬೇಡಿ.

ಮಳೆಗಾಲದಲ್ಲಿ ಭೇದಿಯಾಗಿ ಹಿಂಭಾಗ ಒದ್ದೆಯಿದ್ದರೆ ನೊಣ ಮೊಟ್ಟೆಯಿಟ್ಟು ಹುಳುವಾಗುತ್ತದೆ. ದಿನಕ್ಕೆರಡು ಸಲ ತಿರುಗಿಸಿ ನೋಡಿ. ಹುಳು ಕಂಡರೆ ಅದೂ ತುರ್ತೇ.

ಒಂದು ವಿಷಯ ಹೆಣ್ಣು ಸಾಕಿದವರಿಗೆ. ನಮಗೆ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಎರಡೂ ಹೆಣ್ಣು ಅಂತ ಕೊಟ್ಟರು. ಬೆಲ್ಲ ಗಂಡು. ಚಿಕ್ಕಿಯ ಹೊಟ್ಟೆ ದೊಡ್ಡದಾದ ಮೇಲೆಯೇ ನಮಗೆ ಗೊತ್ತಾದದ್ದು. ಗರ್ಭ 59ರಿಂದ 72 ದಿನ. ಆರೇಳು ತಿಂಗಳ ವಯಸ್ಸಿನ ಒಳಗೆ ಮೊದಲ ಹೆರಿಗೆ ಆಗದ ಹೆಣ್ಣಿಗೆ ಸೊಂಟದ ಮೂಳೆ ಕೂಡಿಕೊಂಡುಬಿಡುತ್ತದೆ, ಆಮೇಲೆ ಹೆರಿಗೆ ಕಷ್ಟ. ದಿನ ತುಂಬಿದ ಹೆಣ್ಣು ಊಟ ಬಿಟ್ಟು ಮಂಕಾದರೆ ಹನ್ನೆರಡು ಗಂಟೆ ಕಾಯಬೇಡಿ, ಒಂದು ಗಂಟೆಯೂ ಕಾಯಬೇಡಿ. ಅಂಗಡಿಯವರ ಮಾತು ನಂಬದೆ ಡಾಕ್ಟರ ಹತ್ತಿರ ಗಂಡೋ ಹೆಣ್ಣೋ ಅಂತ ಮೊದಲೇ ಖಚಿತ ಮಾಡಿಕೊಳ್ಳಿ.

ಡಾಕ್ಟರ ಹತ್ತಿರ ಒಯ್ಯುವಾಗ

ಗಾಳಿಯಾಡುವ ಗಟ್ಟಿ ಪೆಟ್ಟಿಗೆ, ಕೆಳಗೆ ಟವೆಲ್, ಒಂದು ಹಿಡಿ ಹುಲ್ಲು, ಎರಡು ಹೋಳು ಸೌತೆಕಾಯಿ. ನೀರಿನ ಬಾಟಲಿ ದಾರಿಯಲ್ಲಿ ಸೋರಿ ಮೈ ಒದ್ದೆಯಾಗುತ್ತದೆ, ಸೌತೆಯೇ ಸಾಕು. ಮೇಲೆ ತೆಳು ಬಟ್ಟೆ ಮುಚ್ಚಿ. ಜೊತೆಗಾರನನ್ನೂ ಕರೆದೊಯ್ಯಿರಿ. ದೇವಿಮನೆ ಘಟ್ಟ ಇಳಿಯುವವರು ಪೆಟ್ಟಿಗೆಯನ್ನು ಮಡಿಲಲ್ಲೇ ಇಟ್ಟುಕೊಳ್ಳಿ. ತಿರುವಿನಲ್ಲಿ ಸೀಟಿನಿಂದ ಜಾರುತ್ತದೆ. ಬಸ್ಸಿನಲ್ಲಿ ಇಂಜಿನ್ ಹತ್ತಿರದ ಸೀಟು ಬೇಡ.

ಒಂದು ಕಾಗದದಲ್ಲಿ ಬರೆಯಿರಿ: ವಯಸ್ಸು, ಇವತ್ತಿನ ತೂಕ, ಹಿಂದಿನ ತೂಕ, ಕೊನೆಯ ಸಲ ಯಾವಾಗ ತಿಂದಿತು, ಹಿಕ್ಕೆ ಯಾವಾಗ ಹಾಕಿತು, ಹೊಸದಾಗಿ ಏನು ತಿಂದಿತ್ತು, ನೀವು ಏನು ಕೊಟ್ಟಿದ್ದೀರಿ. ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿಕೊಳ್ಳಿ. ಉಸಿರಾಟದ, ಕುಂಟುವುದರ ವಿಡಿಯೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಮೇಜಿನ ಮೇಲೆ ಇಟ್ಟ ಕೂಡಲೇ ಭಯಕ್ಕೆ ಎಲ್ಲ ಸರಿಯಿರುವ ಹಾಗೆ ನಟಿಸುತ್ತದೆ. ಸಲೈನ್ ಚರ್ಮದ ಕೆಳಗೆ ಕೊಡಬೇಕಾ, ಕರುಳು ಚುರುಕಾಗಲು ಏನಾದರೂ ಬೇಕಾ, ನೋವಿಗೆ ಏನು ಅಂತ ಮೂರೂ ಕೇಳಿ.

ಎಕ್ಸ್‌ರೇ ಬೇಕು, ಹಲ್ಲು ಅರೆಯಬೇಕು ಅಂದರೆ ಊರು ಬಿಡಬೇಕಾಗಬಹುದು. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಅದು ಇನ್ನೂ ದೂರ. ಕಾರವಾರದವರಿಗೆ ಗೋವಾದ ಮಡಗಾಂವ್ ಹತ್ತಿರ. ಹೊರಡುವ ಮುಂಚೆ ಫೋನ್ ಮಾಡಿ, ಗಿನಿಪಿಗ್ ನೋಡುತ್ತೀರಾ ಅಂತ ನೇರ ಕೇಳಿ. ಆ ನಂಬರನ್ನು ಪ್ರಾಣಿ ಚೆನ್ನಾಗಿರುವಾಗಲೇ ಹುಡುಕಿ ಗೋಡೆಗೆ ಅಂಟಿಸಿಡುವುದು ಇನ್ನೂ ಒಳ್ಳೆಯದು. ರಾತ್ರಿ ಹನ್ನೊಂದಕ್ಕೆ ಕರೆಂಟ್ ಹೋಗಿ, ನೆಟ್‌ವರ್ಕೂ ಇಲ್ಲದಾಗ ಹುಡುಕಲು ಆಗುವುದಿಲ್ಲ.

ವಾಪಸ್ ಬಂದ ಮೇಲೆ ಔಷಧಿ ಹೇಳಿದಷ್ಟು ದಿನ ಪೂರ್ತಿ ಕೊಡಿ. ಆಂಟಿಬಯಾಟಿಕ್ ನಡೆಯುತ್ತಿರುವಾಗ ಹಿಕ್ಕೆ ಮೆತ್ತಗಾದರೆ ಕೂಡಲೇ ಫೋನ್ ಮಾಡಿ. ಒಂದು ಎಸಳು ತಿಂದಿತೆಂದು ಸಿರಿಂಜ್ ಬಿಡಬೇಡಿ. ತಾನೇ ತಿಂದು ತೂಕ ನಿಲ್ಲುವವರೆಗೆ ನಿಧಾನವಾಗಿ ಕಡಿಮೆ ಮಾಡುತ್ತಾ ಬನ್ನಿ. ಆ ದಿನಗಳಲ್ಲಿ ವಾರಕ್ಕೊಮ್ಮೆ ಅಲ್ಲ, ದಿನಾ ಒಂದೇ ಹೊತ್ತಿಗೆ, ಬೆಳಿಗ್ಗೆ ಸೊಪ್ಪು ಹಾಕುವ ಮುಂಚೆ, ತೂಕ ನೋಡಿ ಬರೆದಿಡಿ.